ತಾಯ್‌ಚಿ ಅಭ್ಯಾಸದಲ್ಲಿ ಮಂಡಿ ನೋವು, ಆಯ ತಪ್ಪುವುದು, ಹೆಗಲ ಬಿಗಿತ: ನೆಲದಿಂದ ನೆತ್ತಿಯವರೆಗೆ ದೋಷ ಹುಡುಕುವ ಕ್ರಮ

ತಾಯ್‌ಚಿ ಎಂಬ ನಿಧಾನ ಚಲನೆಗಳ ಚೀನೀ ಸಮರಕಲೆಯನ್ನು ಶುರುಮಾಡಿ ಮೂರು ನಾಲ್ಕು ತಿಂಗಳಾದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮಂಡಿಯ ಒಳಬದಿ ಚುಚ್ಚುತ್ತದೆ. ಒಂಟಿಕಾಲಲ್ಲಿ ನಿಂತರೆ ಆಯ ತಪ್ಪುತ್ತದೆ. ಇಪ್ಪತ್ತು ನಿಮಿಷಕ್ಕೆ ಹೆಗಲು ಕಲ್ಲಾಗುತ್ತದೆ. ಕೈಗಳು ಚೆನ್ನಾಗಿ ಆಡುತ್ತವೆ, ಆದರೆ ಉಳಿದ ಮೈ ಅವುಗಳ ಜೊತೆ ಬರುವುದಿಲ್ಲ. ನೋವು ಮಂಡಿಯಲ್ಲಿದೆ ಎಂದು ಮಂಡಿಯನ್ನೇ ತಿದ್ದುತ್ತಾ ಕೂತರೆ ತಿಂಗಳುಗಳು ವ್ಯರ್ಥವಾಗುತ್ತವೆ, ಏಕೆಂದರೆ ದೋಷ ಕಾಣಿಸಿಕೊಳ್ಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ.

ತೈಜಿಕ್ವಾನ್ (ತಾಯ್‌ಚಿಯ ಪೂರ್ಣ ಹೆಸರು) ಪರಂಪರೆಯ ಹಳೆಯ ಸೂತ್ರವೂ ಇದನ್ನೇ ಹೇಳುತ್ತದೆ. ಬಲದ ಬೇರು ಪಾದದಲ್ಲಿದೆ, ಅದು ಕಾಲಿನಿಂದ ಹೊರಟು, ಸೊಂಟದ ಹತೋಟಿಯಲ್ಲಿ ಸಾಗಿ, ಬೆರಳಲ್ಲಿ ಕಾಣಿಸಿಕೊಳ್ಳುತ್ತದೆ. ಮೈಯಲ್ಲಿ ಎಲ್ಲೇ ತಪ್ಪು ಕಂಡರೂ ಸೊಂಟ ಮತ್ತು ಕಾಲುಗಳಲ್ಲಿ ಹುಡುಕಬೇಕು. ಆದ್ದರಿಂದ ಪರೀಕ್ಷೆಯ ಕ್ರಮ ಕೆಳಗಿನಿಂದ ಮೇಲಕ್ಕೆ: ನೆಲ, ಶೂ, ಪಾದ, ಕಾಲಿನ ಗಿಣ್ಣು, ತೊಡೆಸಂದು, ಸೊಂಟ, ಬೆನ್ನು, ಹೆಗಲು, ಕೈ, ಕತ್ತು. ಈ ಸಾಲಿನಲ್ಲಿ ಮಂಡಿ ಇಲ್ಲ, ಬೇಕೆಂದೇ ಬಿಟ್ಟಿದ್ದೇವೆ. ಮಂಡಿ ಮುಖ್ಯವಾಗಿ ಬಾಗಿಲಿನ ತಿರುಗಣೆಯಂತೆ ಮಡಚಿ ಬಿಚ್ಚುವ ಕೀಲು. ಗಿಣ್ಣು ಮತ್ತು ತೊಡೆಸಂದು ಮಾಡದೆ ಬಿಟ್ಟ ತಿರುಗುವ ಕೆಲಸವೆಲ್ಲ ಅದರ ತಲೆಗೆ ಬೀಳುತ್ತದೆ.

ಉದಾಹರಣೆಗಳನ್ನು 24 ಭಂಗಿಗಳ ಸರಳ ಸರಣಿಯಿಂದ ತೆಗೆದುಕೊಂಡಿದ್ದೇವೆ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯನ್ನು ಆಧರಿಸಿ ಜೋಡಿಸಿದ ಸರಣಿ ಇದು. ಹೊಸಬರಿಗೆ ಹೆಚ್ಚಾಗಿ ಕಲಿಸುವುದೂ ಇದನ್ನೇ. ಚೆನ್ ಶೈಲಿಯವರಿಗೂ ಈ ಕ್ರಮ ಸರಿಹೊಂದುತ್ತದೆ. ಅವರ ನಿಲುವು ಹೆಚ್ಚು ತಗ್ಗು, ಸುರುಳಿ ತಿರುವು ಹೆಚ್ಚು, ಹಾಗಾಗಿ ಮಂಡಿಯ ಭಾಗವನ್ನು ಅವರು ಇನ್ನಷ್ಟು ಎಚ್ಚರದಿಂದ ಓದಬೇಕು.

ಮೊದಲು ಸಾಮಾನು

ಒಂದು ಸೀಮೆಸುಣ್ಣ, ಒಂದು ಮೊಬೈಲ್, ಒಂದು ಖಾಲಿ ಗೋಡೆ, ಒಂದು ಉದ್ದ ಟವೆಲ್, ಮತ್ತು ಸಾಧ್ಯವಾದರೆ ಒಂದೇ ಎತ್ತರದ ಎರಡು ತೂಕದ ಯಂತ್ರ. ಎರಡನೆಯದನ್ನು ಪಕ್ಕದ ಮನೆಯಿಂದ ಅರ್ಧ ಗಂಟೆಗೆ ತಂದರೆ ಸಾಕು. ಮೊಬೈಲನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಿ, ಇಡೀ ಸರಣಿಯನ್ನು ಒಮ್ಮೆ ಎದುರಿನಿಂದ, ಒಮ್ಮೆ ಪಕ್ಕದಿಂದ ಚಿತ್ರೀಕರಿಸಿ. ಹಿನ್ನೆಲೆಯಲ್ಲಿ ಕಿಟಕಿಯ ಅಡ್ಡಕಂಬಿ ಇದ್ದರೆ ಒಳ್ಳೆಯದು. ತಲೆ ಆ ಕಂಬಿಗಿಂತ ಮೇಲೇರಿತೇ, ಕೆಳಗಿಳಿಯಿತೇ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ವಿಡಿಯೊ ನೋಡುವಾಗ ಕೈಗಳನ್ನು ನೋಡಬೇಡಿ. ಮೊದಲ ಸಲ ಪಾದ ಮಾತ್ರ, ಎರಡನೇ ಸಲ ಮಂಡಿ ಮಾತ್ರ, ಮೂರನೇ ಸಲ ಲುಂಗಿ ಕಟ್ಟುವ ಜಾಗ ಮಾತ್ರ.

ನೆಲ ಮತ್ತು ಶೂ

ಬೆಂಗಳೂರಿನಲ್ಲಿ ತುಂಬ ಜನ ತಾರಸಿಯ ಮೇಲೆ ಅಭ್ಯಾಸ ಮಾಡುತ್ತಾರೆ. ಮಳೆನೀರು ಹರಿದುಹೋಗಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ, 10 ಅಡಿಗೆ ಸುಮಾರು ಒಂದರಿಂದ ಒಂದೂವರೆ ಇಂಚು. ಕಣ್ಣಿಗೆ ಕಾಣದ ಈ ಇಳಿಜಾರು ಕಾಲಿಗೆ ಗೊತ್ತಾಗುತ್ತದೆ. ಅದೇ ಜಾಗದಲ್ಲಿ ಅದೇ ದಿಕ್ಕಿಗೆ ದಿನಾ ನಿಂತರೆ ಒಂದು ಪಾದ ಸದಾ ಒಳಕ್ಕೆ, ಇನ್ನೊಂದು ಹೊರಕ್ಕೆ ವಾಲಿರುತ್ತದೆ. ಒಂದೇ ಮಂಡಿ ನೋಯುತ್ತಿದ್ದರೆ ಮೊದಲು ಇದನ್ನು ನೋಡಿ: ನೆಲಕ್ಕೆ ಒಂದು ಚೊಂಬು ನೀರು ಸುರಿದು ಎತ್ತ ಹರಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಹೊಸ ಜಾಗ ಸಿಗದಿದ್ದರೆ ದಿನ ಬಿಟ್ಟು ದಿನ ಎದುರು ದಿಕ್ಕಿಗೆ ಮುಖಮಾಡಿ ಶುರುಮಾಡಿ. ಎರಡು ವಾರದಲ್ಲಿ ನೋವು ಇನ್ನೊಂದು ಕಾಲಿಗೆ ಹಂಚಿಕೊಂಡರೆ ಅಥವಾ ಕಡಿಮೆಯಾದರೆ ತಪ್ಪು ನೆಲದ್ದು, ನಿಮ್ಮದಲ್ಲ.

ಮನೆಯೊಳಗಿನ ವಿಟ್ರಿಫೈಡ್ ಟೈಲ್ಸ್ ಮೇಲೆ ಸಾಕ್ಸ್ ಹಾಕಿ ಮಾಡಬಾರದು. ಪಾದ ಜಾರದಿರಲೆಂದು ತೊಡೆಯ ಒಳಸ್ನಾಯುಗಳು ಸದಾ ಬಿಗಿದಿರುತ್ತವೆ, ಆ ಬಿಗಿತ ತೊಡೆಸಂದನ್ನು ಮುಚ್ಚುತ್ತದೆ. ಬರಿಗಾಲು ಉತ್ತಮ, ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ ಸಿಕ್ಕರೆ ಇನ್ನೂ ಉತ್ತಮ. ಅಪಾರ್ಟ್‌ಮೆಂಟಿನ ಅಂಗಳದ ಇಂಟರ್‌ಲಾಕ್ ಕಲ್ಲುಗಳಲ್ಲಿ ತೊಂದರೆ ಇದಕ್ಕೆ ವಿರುದ್ಧ: ರಬ್ಬರ್ ಅಟ್ಟೆ ನೆಲವನ್ನು ಕಚ್ಚಿಕೊಳ್ಳುತ್ತದೆ, ಪಾದ ತಿರುಗುವುದಿಲ್ಲ, ತಿರುವು ಮಂಡಿಗೆ ಹೋಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒದ್ದೆ ಗ್ರಾನೈಟ್ ಚಪ್ಪಡಿಯನ್ನು ನಂಬಬೇಡಿ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರದ ಸುತ್ತಲಿನ ಬಂಡೆ ನೋಡಲು ಸೊಗಸು, ಆದರೆ ಅದು ಎಲ್ಲ ಕಡೆಗೂ ಇಳಿಜಾರು; ಅದರ ಕೆಳಗಿನ ಸಮತಟ್ಟು ನೆಲ ಆರಿಸಿಕೊಳ್ಳಿ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ನಿಲ್ಲುವವರು ಬೇರುಗಳನ್ನು ಮೊದಲು ಕಾಲಲ್ಲಿ ತಡವಿ ನೋಡಬೇಕು.

ಓಟದ ಶೂಗಳ ಹಿಮ್ಮಡಿ ದಪ್ಪ. ಅದು ಮೈಭಾರವನ್ನು ಮುಂದಕ್ಕೆ, ಬೆರಳಿನ ಬುಡಕ್ಕೆ ತಳ್ಳುತ್ತದೆ. ಮಂಡಿಯ ಮುಂಭಾಗ ನೋಯಲು ಅಷ್ಟು ಸಾಕು. ಶಾಲೆಯ ಪಿ.ಟಿ. ತರಗತಿಗೆ ಹಾಕುವಂಥ ತೆಳು ಅಟ್ಟೆಯ ಕ್ಯಾನ್‌ವಾಸ್ ಶೂ ಈ ಕೆಲಸಕ್ಕೆ ದುಬಾರಿ ಶೂಗಳಿಗಿಂತ ಚೆನ್ನ.

ಮಂಡಿ ನೋವು: ಎಲ್ಲಿ ನೋಯುತ್ತದೆ ಎಂಬುದೇ ಸುಳಿವು

ಮೊದಲೇ ಒಂದು ಮಾತು. ಮಂಡಿ ಊದಿಕೊಂಡಿದ್ದರೆ, ಮಡಚಿದಾಗ ಸಿಕ್ಕಿಹಾಕಿಕೊಂಡು ಬಿಚ್ಚದಿದ್ದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿದರೆ, ಅಥವಾ ಕಾಲಿನುದ್ದಕ್ಕೂ ಜೋಮು ಹಿಡಿದರೆ ಈ ಕೈಪಿಡಿಯನ್ನು ಮುಚ್ಚಿ ಮೂಳೆ ವೈದ್ಯರ ಬಳಿ ಹೋಗಿ. ಅದಿಲ್ಲದ ಸಾಮಾನ್ಯ ನೋವಿಗೆ ಒಂದು ಅಳತೆ ಇಟ್ಟುಕೊಳ್ಳಿ: ಇವತ್ತಿನ ನೋವು ನಾಳೆ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗಲೂ ಉಳಿದಿದ್ದರೆ ನಿಲುವಿನ ತಗ್ಗನ್ನೂ ಅಭ್ಯಾಸದ ಹೊತ್ತನ್ನೂ ಅರ್ಧಕ್ಕೆ ಇಳಿಸಿ.

ತಾಯ್‌ಚಿ ಮಾಡಿದರೆ ಮಂಡಿ ನೋಯುವುದು ಸಹಜ ಎಂಬ ನಂಬಿಕೆ ತಪ್ಪು. ಮಂಡಿ ಸವೆತವಿದ್ದ 204 ಜನರನ್ನು ಸೇರಿಸಿಕೊಂಡು ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಎರಡು ಸಲದಂತೆ 12 ವಾರ ತಾಯ್‌ಚಿ ಮಾಡಿದವರಿಗೆ ಫಿಸಿಯೋಥೆರಪಿ ಪಡೆದವರಷ್ಟೇ ಗುಣ ಕಂಡಿತು. ಸವೆದ ಮಂಡಿಗೇ ಒಗ್ಗುವ ವಿದ್ಯೆ ಗಟ್ಟಿ ಮಂಡಿಯನ್ನು ನೋಯಿಸುತ್ತಿದೆ ಎಂದರೆ ಮಾಡುವ ರೀತಿಯಲ್ಲಿ ಎಲ್ಲೋ ಎಡವಿದ್ದೇವೆ.

ಒಳಬದಿಯ ನೋವು ಎಲ್ಲಕ್ಕಿಂತ ಹೆಚ್ಚು, ಅದಕ್ಕೆ ಮೂರು ಕಾರಣ. ಮೊದಲನೆಯದು ಭಾರ ಹೊತ್ತ ಕಾಲಿನ ಮೇಲೆ ತಿರುಗುವುದು. ‘ಕಾಡುಕುದುರೆಯ ಕೇಸರ ಬೇರ್ಪಡಿಸುವುದು’ ಭಂಗಿಯಲ್ಲಿ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಮುಂದಿನ ಪಾದವನ್ನು ಹೊರಕ್ಕೆ ತಿರುಗಿಸಬೇಕು. ಆ ಹೊತ್ತಿಗೆ ಭಾರ ಹಿಂದಿನ ಕಾಲಿಗೆ ಹೋಗಿರಬೇಕು. ಹೆಚ್ಚಿನವರು ಅರ್ಧ ದಾರಿಯಲ್ಲೇ ತಿರುಗಿಸಿಬಿಡುತ್ತಾರೆ. ಪರೀಕ್ಷೆ ಸುಲಭ: ತಿರುಗಿಸುವ ಮುನ್ನ ಆ ಪಾದದ ಐದೂ ಬೆರಳುಗಳನ್ನು ನೆಲದಿಂದ ಎತ್ತಿ ನೋಡಿ. ಎದೆ ಹಿಂದಕ್ಕೆ ವಾಲದೆ ಬೆರಳು ಎದ್ದರೆ ಭಾರ ಸರಿದಿದೆ. ಆಮೇಲೆ ಹಿಮ್ಮಡಿಯ ಮೇಲೆ 45 ಡಿಗ್ರಿ ತಿರುಗಿಸಿ, ಪಾದ ಪೂರ್ತಿ ಊರಿ, ನಂತರ ಮಾತ್ರ ಭಾರ ತನ್ನಿ. ಯಾಂಗ್ ಪರಂಪರೆಯ ಕೆಲವು ಕವಲುಗಳಲ್ಲಿ ಹಿಂದಕ್ಕೆ ಕೂರದೆ, ಭಾರ ಇಟ್ಟುಕೊಂಡೇ ಪಾದ ತಿರುಗಿಸುತ್ತಾರೆ. ಅದು ತಪ್ಪಲ್ಲ, ಆದರೆ ತೊಡೆಸಂದು ಪೂರ್ತಿ ಬಿಟ್ಟುಕೊಂಡವರಿಗೆ ಮಾತ್ರ. ನೋಯುವ ಮಂಡಿ ಇಟ್ಟುಕೊಂಡು ಅದನ್ನು ಮಾಡಬೇಡಿ.

ಎರಡನೆಯದು ಬಿಲ್ಲು ನಿಲುವಿನ (ಮುಂದಿನ ಮಂಡಿ ಮಡಚಿ, ಹಿಂದಿನ ಕಾಲು ಚಾಚಿ ನಿಲ್ಲುವುದು) ಅಗಲ ಮತ್ತು ಹಿಂದಿನ ಪಾದದ ಕೋನ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ನೇರ ಗೆರೆ ಎಳೆದು ಅದರ ಉದ್ದಕ್ಕೂ ಹೆಜ್ಜೆ ಹಾಕಿ. ಎರಡು ಹಿಮ್ಮಡಿಗಳು ಗೆರೆಯ ಎರಡು ಬದಿಗೆ ಬೀಳಬೇಕು, ನಡುವೆ ಅಡ್ಡಲಾಗಿ 10ರಿಂದ 30 ಸೆಂಟಿಮೀಟರ್ ಅಂತರ ಬೇಕು. ಎರಡೂ ಗೆರೆಯ ಮೇಲೇ ಬಿದ್ದರೆ ನೀವು ಹಗ್ಗದ ಮೇಲೆ ನಡೆಯುವವರಂತೆ ನಿಂತಿದ್ದೀರಿ. ಸೊಂಟ ಮುಂದಕ್ಕೆ ತಿರುಗಲು ಜಾಗವಿಲ್ಲದೆ ಮಂಡಿ ಒಳಕ್ಕೆ ಕುಸಿಯುತ್ತದೆ. ಹಿಂದಿನ ಪಾದ ಸುಮಾರು 45 ಡಿಗ್ರಿ ಹೊರಕ್ಕೆ ನೋಡಬೇಕು. ಅದನ್ನು 90 ಡಿಗ್ರಿಗೆ ಬಿಟ್ಟು ಹೊಟ್ಟೆಯನ್ನು ಮುಂದಕ್ಕೆ ತಿರುಗಿಸಿದರೆ ಹಿಂದಿನ ಮಂಡಿ ಬಟ್ಟೆ ಹಿಂಡಿದಂತೆ ಹಿಂಡಿಹೋಗುತ್ತದೆ. ಹಿಂದಿನ ಕಾಲಿನ ಮಂಡಿ ನೋವಿಗೆ ಹತ್ತರಲ್ಲಿ ಎಂಟು ಸಲ ಇಲ್ಲೇ ಉತ್ತರ ಸಿಗುತ್ತದೆ ಎಂಬುದು ನಮ್ಮ ಅಂದಾಜು.

ಮೂರನೆಯದು, ಮತ್ತು ಎಲ್ಲದರ ಬುಡ: ತಿರುಗದ ತೊಡೆಸಂದು. ಚೀನೀ ಅಭ್ಯಾಸಿಗಳು ಇದನ್ನು ‘ಕ್ವಾ’ ಎನ್ನುತ್ತಾರೆ. ಹೊಟ್ಟೆ ಮತ್ತು ತೊಡೆ ಸೇರುವಲ್ಲಿ, ಕೂತಾಗ ಬಟ್ಟೆ ಮಡಿಕೆ ಬೀಳುವ ಜಾಗ. ದಿನಕ್ಕೆ ಎಂಟು ಹತ್ತು ಗಂಟೆ ಕುರ್ಚಿಯಲ್ಲಿ, ಅದರ ಮೇಲೆ ಹೊರವರ್ತುಲ ರಸ್ತೆಯಲ್ಲಿ ಎರಡು ಗಂಟೆ ಕ್ಯಾಬಿನಲ್ಲಿ ಕೂತವರಿಗೆ ಈ ಜಾಗ ಬಿಗಿದು ಹಲಗೆಯಾಗಿರುತ್ತದೆ. ಪರೀಕ್ಷೆಗೆ ಗೋಡೆಗೆ ಮುಖಮಾಡಿ, ಕಾಲ್ಬೆರಳ ತುದಿ ಗೋಡೆಗೆ ತಾಗಿಸಿ, ಪಾದಗಳನ್ನು ಭುಜದಗಲ ಸಮಾಂತರ ಇಟ್ಟು, ಎರಡೂ ಮಂಡಿ ಗೋಡೆಗೆ ಹಗುರವಾಗಿ ತಾಗುವಷ್ಟು ಬಗ್ಗಿ. ಕೈಗಳನ್ನು ಎದೆಯ ಮೇಲೆ ಮಡಚಿ, ಸೊಂಟವನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ. ಬಲಮಂಡಿ ಗೋಡೆ ಬಿಟ್ಟು ಒಳಕ್ಕೆ ಸರಿದ ಕ್ಷಣವೇ ನಿಮ್ಮ ತೊಡೆಸಂದಿನ ಎಲ್ಲೆ. ಅಲ್ಲಿಂದ ಮುಂದಿನ ತಿರುವನ್ನೆಲ್ಲ ನೀವು ಮಂಡಿಯಿಂದ ಸಾಲ ತರುತ್ತಿದ್ದೀರಿ. ಎಡಬಲಗಳ ಎಲ್ಲೆ ಬೇರೆಬೇರೆ ಇರುವುದೇ ಹೆಚ್ಚು, ಎರಡನ್ನೂ ಬರೆದಿಟ್ಟುಕೊಳ್ಳಿ.

ತಿದ್ದುವುದು ಹೀಗೆ. ಕುರ್ಚಿಯ ಅಂಚಿನಲ್ಲಿ ಪಾದ ಊರಿ ಕೂತು, ಎರಡೂ ಕೈಯ ಬೆರಳಂಚನ್ನು ತೊಡೆಸಂದಿನ ಮಡಿಕೆಗೆ ಇಡಿ. ಮಂಡಿ ಅಲುಗಿಸದೆ ಹೊಕ್ಕುಳನ್ನು ಎಡಕ್ಕೆ ತಿರುಗಿಸಿದರೆ ಎಡಮಡಿಕೆ ಬೆರಳನ್ನು ಕಚ್ಚಬೇಕು, ಬಲಮಡಿಕೆ ಬಿಡಬೇಕು. ಎರಡೂ ಕಡೆಗೆ ಹತ್ತು ಹತ್ತು ಸಲ, ಒಂದು ವಾರ. ಎರಡನೇ ವಾರ ಅದನ್ನೇ ನಿಂತು, ನಾಲ್ಕು ಬೆರಳಗಲ ಮಾತ್ರ ತಗ್ಗಿ. ಮೂರನೇ ವಾರ ‘ಮೋಡದ ಕೈ’ ಭಂಗಿಯಲ್ಲಿ, ಕೈಗಳಿಲ್ಲದೆ, ಬರೀ ಕಾಲು ಮತ್ತು ಸೊಂಟ. ಈ ಮೂರು ವಾರ ಇಡೀ ಸರಣಿ ಮಾಡಲೇಬೇಕೆನಿಸಿದರೆ ಎತ್ತರ ನಿಲುವಿನಲ್ಲಿ ಮಾಡಿ, ಗೋಡೆ ತೋರಿಸಿಕೊಟ್ಟ ಎಲ್ಲೆಗಿಂತ ಹೆಚ್ಚು ತಿರುಗಬೇಡಿ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡುವ ಅಭ್ಯಾಸ ಮನೆಯಲ್ಲಿ ಇನ್ನೂ ಉಳಿದಿದ್ದರೆ ಬಿಡಬೇಡಿ, ಆ ಜಾಗಕ್ಕೆ ಅದು ತುಂಬ ಒಳ್ಳೆಯದು.

ಮಂಡಿಚಿಪ್ಪಿನ ಕೆಳಗೆ, ಮುಂಭಾಗದಲ್ಲಿ ನೋವಿದ್ದರೆ ಕಾರಣ ಸಾಮಾನ್ಯವಾಗಿ ಅತಿ ತಗ್ಗು ಅಥವಾ ಬೆರಳು ದಾಟಿದ ಮಂಡಿ. ಬಿಲ್ಲು ನಿಲುವಿನಲ್ಲಿ ಮುಂದಿನ ಮೊಣಕಾಲ ಕೆಳಭಾಗ ಹೆಚ್ಚುಕಡಿಮೆ ನೆಟ್ಟಗಿರಬೇಕು; ಮಂಡಿ ಎರಡನೇ ಬೆರಳಿನ ನೇರಕ್ಕಿರಬೇಕು, ಬೆರಳ ತುದಿ ದಾಟಬಾರದು. ಮಂಡಿಯ ಹಿಂಭಾಗ ಎಳೆದರೆ ಹಿಂದಿನ ಕಾಲನ್ನು ಬಿಗಿಯಾಗಿ ಚಾಚಿದ್ದೀರಿ. ಚಾಚಿ, ಆದರೆ ಕೊನೆಯ ಒಂದಿಷ್ಟು ಮಡಿಕೆ ಉಳಿಸಿ.

ಆಯ ತಪ್ಪುವುದು

‘ಹಿಮ್ಮಡಿ ಒದೆತ’, ‘ಬಂಗಾರದ ಹುಂಜ ಒಂಟಿಕಾಲಲ್ಲಿ’ ಭಂಗಿಗಳಲ್ಲಿ ಓಲಾಡುವವರು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಹೆಚ್ಚಿಸುತ್ತಾರೆ. ಅದರಿಂದ ಲಾಭ ಸ್ವಲ್ಪವೇ. ದೋಷ ಇರುವುದು ಅದಕ್ಕೆ ಮೊದಲಿನ ಹೆಜ್ಜೆಯಲ್ಲಿ. ನಾವು ದಿನಾ ನಡೆಯುವುದು ಮುಂದಕ್ಕೆ ಬೀಳುತ್ತಾ, ಬೀಳುವ ಮುನ್ನ ಕಾಲು ಕೊಟ್ಟು ತಡೆಯುತ್ತಾ. ತಾಯ್‌ಚಿಯಲ್ಲಿ ಮೊದಲು ಕಾಲು ಹೋಗುತ್ತದೆ, ಖಾಲಿಯಾಗಿ. ಭಾರ ಆಮೇಲೆ ಬರುತ್ತದೆ. ಬೀಳುವ ಹೆಜ್ಜೆಯನ್ನು ನಿಧಾನ ಮಾಡಿದ ಮಾತ್ರಕ್ಕೆ ಅದು ತಾಯ್‌ಚಿ ಹೆಜ್ಜೆ ಆಗುವುದಿಲ್ಲ.

ಎರಡು ಪರೀಕ್ಷೆ. ಒಂದು, ಹಿಮ್ಮಡಿ ನೆಲ ಮುಟ್ಟಿದ ಕ್ಷಣ ಯಾರಾದರೂ ‘ನಿಲ್ಲಿ’ ಎನ್ನಲಿ. ಮೈ ಅಲುಗದೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಬೇಕು. ಆಗದಿದ್ದರೆ ಹೆಜ್ಜೆ ಉದ್ದವಾಗಿದೆ. ಎರಡು ಮೂರು ಇಂಚು ಕಡಿಮೆ ಮಾಡಿ ಮತ್ತೆ ನೋಡಿ. ಎರಡು, ರಸ್ತೆಬದಿಯ ಕಾಡುಬಾದಾಮಿ ಮರದ ಒಣಗಿದ ಎಲೆಯೊಂದನ್ನು ಹಿಮ್ಮಡಿ ಬೀಳುವ ಜಾಗದಲ್ಲಿಡಿ. ಹಿಮ್ಮಡಿ ಮುಟ್ಟಿದಾಗ ಸದ್ದಾಗಬಾರದು, ಭಾರ ಬಂದಾಗ ಮಾತ್ರ ಚರಚರ ಎನ್ನಬೇಕು. ಹಿಮ್ಮಡಿ ಮುಟ್ಟಿದ್ದಕ್ಕೂ ಆ ಸದ್ದಿಗೂ ನಡುವೆ ಎಷ್ಟು ಬಿಡುವಿದೆ ಎಂಬುದೇ ಹೆಜ್ಜೆಯ ಗುಣಮಟ್ಟ.

ತೂಕದ ಯಂತ್ರ ಇಲ್ಲಿ ಕಣ್ಣು ತೆರೆಸುತ್ತದೆ. ಒಂದೊಂದು ಪಾದದ ಕೆಳಗೆ ಒಂದೊಂದು ಇಟ್ಟು ಬಿಲ್ಲು ನಿಲುವಿನಲ್ಲಿ ನಿಂತರೆ, 60 ಕಿಲೊ ತೂಕದವರಿಗೆ ಮುಂದಿನದು ಸುಮಾರು 40, ಹಿಂದಿನದು ಸುಮಾರು 20 ತೋರಿಸಬೇಕು. ‘ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು’ ಭಂಗಿಯ ಖಾಲಿ ನಿಲುವಿನಲ್ಲಿ (ಹೆಚ್ಚಿನ ಭಾರ ಹಿಂದಿನ ಕಾಲಿನ ಮೇಲಿರುವ ನಿಲುವು) ಮುಂದಿನ ಪಾದ 6ರಿಂದ 10 ಕಿಲೊ ದಾಟಬಾರದು. ತಾವು ಖಾಲಿ ಎಂದುಕೊಂಡ ಕಾಲಿನ ಕೆಳಗೆ 20 ಕಿಲೊ ಕಂಡು ಬೆಚ್ಚುವವರೇ ಹೆಚ್ಚು. ‘ಜೋಡಿಭಾರ’ ಎಂದು ಪರಂಪರೆ ಕರೆಯುವ ದೋಷ ಇದರ ಹತ್ತಿರದ್ದು. ಎರಡೂ ಕಾಲಿಗೆ ಅರ್ಧರ್ಧ ಭಾರ ಬಿದ್ದ ಮಾತ್ರಕ್ಕೆ ಅದು ಜೋಡಿಭಾರವಲ್ಲ, ಆರಂಭದ ನಿಲುವಿನಲ್ಲಿ ಹಾಗೇ ಇರುತ್ತದೆ. ಯಾವ ಕಾಲು ಹೊರುತ್ತಿದೆ, ಯಾವುದು ಬಿಡುವಾಗಿದೆ ಎಂಬುದು ಮೈಗೇ ತಿಳಿಯದೆ ಎರಡೂ ಬಿಗಿದು ನಿಂತಾಗ ಅದು ದೋಷ.

ಹೆಜ್ಜೆ ಸರಿಯಿದ್ದೂ ಒಂಟಿಕಾಲಲ್ಲಿ ಓಲಾಡಿದರೆ ಕಣ್ಣು ನೋಡಿ. ನೆಲ ನೋಡುತ್ತಿದ್ದರೆ ತಲೆ ಮುಂದಕ್ಕೆ ಹೋಗಿದೆ. ಐದಾರು ಮೀಟರ್ ದೂರದಲ್ಲಿ ಕಣ್ಣೆತ್ತರದ ಒಂದು ಗುರುತಿಗೆ ದೃಷ್ಟಿ ಇಡಿ. ಒದೆತದ ಎತ್ತರಕ್ಕೆ ಆಸೆಪಡಬೇಡಿ. ಕಾಲು ಎತ್ತಲು ಬೆನ್ನು ಬಾಗಿದರೆ ಆ ಎತ್ತರ ನಿಮ್ಮದಲ್ಲ.

ಬೇರೆ ವಿದ್ಯೆಯಿಂದ ಬಂದ ಅಭ್ಯಾಸಗಳು

ಬೆಂಗಳೂರಿನಲ್ಲಿ ತಾಯ್‌ಚಿಗೆ ಬರುವವರಲ್ಲಿ ಯೋಗ ಅಥವಾ ಭರತನಾಟ್ಯ ಕಲಿತವರು ಬಹಳ. ಅವರ ಮೈಯಲ್ಲಿ ಶಿಸ್ತಿದೆ, ಗಮನವಿದೆ, ಅದು ದೊಡ್ಡ ಆಸ್ತಿ. ಆದರೆ ಕೆಲವು ಅಭ್ಯಾಸಗಳು ನೇರ ಅಡ್ಡ ಬರುತ್ತವೆ. ತಾಡಾಸನದಲ್ಲಿ ಮಂಡಿಚಿಪ್ಪನ್ನು ಮೇಲಕ್ಕೆಳೆದು ಎದೆ ತೆರೆದು ನಿಲ್ಲುವುದನ್ನು ರೂಢಿಸಿಕೊಂಡವರು ತಾಯ್‌ಚಿಯ ಆರಂಭದ ನಿಲುವಿನಲ್ಲೂ ಹಾಗೇ ನಿಲ್ಲುತ್ತಾರೆ. ಎದೆ ಮೇಲೆದ್ದರೆ ಉಸಿರು ಮೇಲೇರುತ್ತದೆ, ಹಿಮ್ಮಡಿ ಹಗುರಾಗುತ್ತದೆ. ಅವರಿಗೆ ಹೇಳಬೇಕಾದ್ದು ಇಷ್ಟೇ: ಎತ್ತರದ ಸ್ಟೂಲಿನ ಮೇಲೆ ಇನ್ನೇನು ಕೂರಬೇಕು ಎನ್ನುವಂತೆ ನಿಲ್ಲಿ. ಇನ್ನೊಂದು, ಆಸನದಲ್ಲಿ ಎಲ್ಲೆಯವರೆಗೆ ಚಾಚುವುದು ಗುಣ; ಇಲ್ಲಿ ಎಲ್ಲೆಗೆ ಮೊದಲೇ ತಿರುಗಿ ಬರುವುದು ಗುಣ.

ಅರಮಂಡಿಯಲ್ಲಿ ಪಳಗಿದವರ ಪಾದಗಳು ತಾವಾಗಿ ಹೊರಕ್ಕೆ ತೆರೆದುಕೊಳ್ಳುತ್ತವೆ. ‘ಮೋಡದ ಕೈ’ಯಲ್ಲಿ ಪಾದಗಳು ಸಮಾಂತರ ಇರಬೇಕು. ಸೀಮೆಸುಣ್ಣದ ಎರಡು ಗೆರೆಗಳ ಮೇಲೆ ಎರಡು ವಾರ ಅಭ್ಯಾಸ ಮಾಡಿದರೆ ಸರಿಹೋಗುತ್ತದೆ. ನೆಲ ತಟ್ಟುವ ಕಾಲಿಗೆ ಸದ್ದಿಲ್ಲದೆ ಇಳಿಯಲು ಕಲಿಸುವುದು ಕಷ್ಟ, ಅದಕ್ಕೆ ಮೇಲಿನ ಎಲೆಯ ಪರೀಕ್ಷೆಯೇ ಮದ್ದು. ಹಾಗೆಯೇ ಕೈ ಹೋದೆಡೆ ಕಣ್ಣು ಹೋಗುವ ಅವರ ಸಂಸ್ಕಾರ ಇಲ್ಲೂ ಕೆಲಸಕ್ಕೆ ಬರುತ್ತದೆ, ಅದನ್ನು ಮರೆಯುವುದು ಬೇಡ.

ಕೆಳಬೆನ್ನು

ಬಾಲಮೂಳೆ ಒಳಕ್ಕೆ ಎಂಬ ಸೂಚನೆಯನ್ನು ಅತಿಯಾಗಿ ಪಾಲಿಸಿದವರಿಗೂ ಬೆನ್ನು ನೋಯುತ್ತದೆ, ಪೂರ್ತಿ ಮರೆತವರಿಗೂ ನೋಯುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ನಾಲ್ಕು ಬೆರಳು ಮುಂದಿಟ್ಟು, ಮಂಡಿ ಸಡಿಲಿಸಿ ನಿಲ್ಲಿ. ಸೊಂಟದ ಹಿಂದೆ ಮುಷ್ಟಿ ತೂರಿದರೆ ಬೆನ್ನು ಬಿಲ್ಲಾಗಿದೆ. ಏನೂ ತೂರದಿದ್ದರೆ ಪೃಷ್ಠ ಬಿಗಿದು ಒಳಕ್ಕೆ ಒತ್ತಿದ್ದೀರಿ, ಆ ಬಿಗಿತ ತೊಡೆಸಂದನ್ನು ಮುಚ್ಚಿ ಮತ್ತೆ ಮಂಡಿಗೇ ಹೋಗುತ್ತದೆ. ಅಂಗೈ ತೂರುವಷ್ಟು ಸಂದಿ ಸರಿ. ಬಾಲಮೂಳೆಯನ್ನು ತಳ್ಳಬೇಡಿ, ಅದಕ್ಕೊಂದು ತೂಕದ ಗುಂಡು ಕಟ್ಟಿ ಇಳಿಬಿಟ್ಟಂತೆ ಬಿಡಿ.

ಹೆಗಲು, ಎದೆ, ಕತ್ತು

ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು (1883–1936) ಹೇಳಿದ ಹತ್ತು ಮುಖ್ಯ ಅಂಶಗಳಲ್ಲಿ ಒಂದು ಹೆಗಲು ಇಳಿಸಿ ಮೊಣಕೈ ಜೋಲಿಸುವುದು, ಇನ್ನೊಂದು ಎದೆಯನ್ನು ಒಳಗಿಟ್ಟು ಬೆನ್ನನ್ನು ಎತ್ತುವುದು. ಎರಡನೆಯದನ್ನು ತಪ್ಪು ತಿಳಿದು ಗೂನು ಬೆನ್ನು ಮಾಡಿಕೊಳ್ಳುವವರು ಬಹಳ, ಅದರಲ್ಲೂ ಲ್ಯಾಪ್‌ಟಾಪಿನ ಮುಂದೆ ಮೊದಲೇ ಬಾಗಿಹೋದವರು. ಎದೆಯನ್ನು ಉಬ್ಬಿಸದಿರುವುದಷ್ಟೇ ಅದರ ಅರ್ಥ, ಕುಗ್ಗಿಸುವುದಲ್ಲ. ಕತ್ತಿನ ಹಿಂಭಾಗ ಉದ್ದವಾಗಿದ್ದು ನೆತ್ತಿ ಹಗುರವಾಗಿ ಮೇಲೆದ್ದಿದ್ದರೆ ಎದೆ ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ಗಲ್ಲ ಮುಂದೆ ಚಾಚಿದ್ದರೆ ಏನು ಮಾಡಿದರೂ ಬರುವುದಿಲ್ಲ.

ಹೆಗಲು ಏರುವುದಕ್ಕೆ ನೇರ ಕಾರಣ ಮೊಣಕೈ. ಮೊಣಕೈ ಹೊರಕ್ಕೆ ರೆಕ್ಕೆಯಂತೆ ಎದ್ದರೆ ಹೆಗಲು ಜೊತೆಗೇ ಏಳುತ್ತದೆ. ಕಂಕುಳಲ್ಲಿ ಒಂದು ಕೋಳಿಮೊಟ್ಟೆ ಇದ್ದಂತೆ ಜಾಗ ಬಿಡಿ: ಒತ್ತಿದರೆ ಒಡೆಯುತ್ತದೆ, ತೆರೆದರೆ ಬೀಳುತ್ತದೆ. ಕೈ ಎತ್ತುವಾಗ ಮೊಣಕೈಯ ಮೊನೆ ನೆಲ ನೋಡುತ್ತಿರಲಿ. ಹೀಗೆ ಮಾಡಿಯೂ ಬಲ ಹೆಗಲು ಮಾತ್ರ ಏರುತ್ತಿದ್ದರೆ ಮೌಸ್ ಹಿಡಿಯುವ ಕೈಯ ಅಭ್ಯಾಸವದು; ಕಚೇರಿಯಲ್ಲಿ ಮೇಜಿನ ಎತ್ತರ ಬದಲಾಗದೆ ಪಾರ್ಕಿನಲ್ಲಿ ಅದು ಹೋಗುವುದಿಲ್ಲ. ಎರಡೂ ಏರುತ್ತಿದ್ದರೆ ಮತ್ತೆ ಕೆಳಗೆ ಹೋಗಿ: ಮೈ ತೊಡೆಸಂದಿನಲ್ಲಿ ಕೂತಿಲ್ಲ, ಅದಕ್ಕೇ ಮೇಲಿನಿಂದ ತನ್ನನ್ನು ತಾನು ಎತ್ತಿಹಿಡಿಯುತ್ತಿದೆ.

ಇದನ್ನು ಬಿಡಿಸಲು ಮರ ತಬ್ಬಿದಂತೆ ಕೈ ಇಟ್ಟು ನಿಲ್ಲುವ ಸ್ತಂಭ ನಿಲುವಿಗಿಂತ ಒಳ್ಳೆಯ ಸಾಧನೆ ಇಲ್ಲ. ಮೂರು ನಿಮಿಷದಿಂದ ಶುರುಮಾಡಿ, ವಾರಕ್ಕೊಂದು ನಿಮಿಷ ಸೇರಿಸಿ 15ರವರೆಗೆ ಹೋಗಿ. ತೊಡೆ ನಡುಗಿದರೆ ಚಿಂತೆಯಿಲ್ಲ. ಮಂಡಿ ಚುಚ್ಚಿದರೆ, ತಲೆ ಸುತ್ತಿದರೆ, ಉಸಿರು ಕಟ್ಟಿದರೆ ನಿಲ್ಲಿಸಿ. ಹೊಟ್ಟೆಯನ್ನು ಬೇಕೆಂದು ಒಳಗೆಳೆದು ಉಸಿರಾಡುವ ಹಿಮ್ಮುಖ ಉಸಿರಾಟವನ್ನು ಮೊದಲ ವರ್ಷ ಮುಟ್ಟಬೇಡಿ. ತಲೆಸುತ್ತಿಗೆ ಅದು ಸಾಮಾನ್ಯ ಕಾರಣ. ಸಹಜವಾಗಿ ಮೂಗಿನಲ್ಲಿ ಉಸಿರಾಡಿ, ಅಷ್ಟೇ. ಡಿಸೆಂಬರ್, ಜನವರಿಯ ತಣ್ಣನೆಯ ಬೆಳಗಿನಲ್ಲಿ ಕೀಲುಗಳನ್ನು ಹತ್ತು ನಿಮಿಷ ಬೆಚ್ಚಗಾಗಿಸಿದ ಮೇಲೆ ನಿಲ್ಲಿ.

ಕೈ ಒಂಟಿಯಾಗಿ ಆಡುವುದು

ಟವೆಲನ್ನು ಸೊಂಟಕ್ಕೆ ಕಟ್ಟಿ, ಗಂಟು ಹೊಕ್ಕುಳ ಮುಂದೆ ಬರಲಿ. ‘ಮೋಡದ ಕೈ’ಯನ್ನು ಚಿತ್ರೀಕರಿಸಿ. ಮೇಲಿನ ಕೈ ಮುಖದ ಮುಂದೆ ಹಾಯುವಾಗ ಗಂಟು ಅದರ ನೇರ ಕೆಳಗಿರಬೇಕು. ಕೈ ಮೊದಲು ಹೋಗಿ ಗಂಟು ಆಮೇಲೆ ಬಂದರೆ, ಅಥವಾ ಗಂಟು ಕದಲದೆ ಕೈ ಮಾತ್ರ ಹೋದರೆ, ಸೊಂಟ ಆಳುತ್ತಿಲ್ಲ. ಒಂದು ವಾರ ಅಂಗೈಗಳನ್ನು ಗಂಟಿನ ಮೇಲೇ ಇಟ್ಟು ಇಡೀ ಸರಣಿ ಮಾಡಿ. ಬೇಸರದ ಕೆಲಸ, ಆದರೆ ಇಷ್ಟು ಬೇಗ ಫಲ ಕೊಡುವ ಇನ್ನೊಂದು ತಿದ್ದುಪಡಿ ನಮಗೆ ಗೊತ್ತಿಲ್ಲ. ವೇಗವೂ ಒಂದು ಸುಳಿವು. 24 ಭಂಗಿಗಳಿಗೆ ನಾಲ್ಕರಿಂದ ಆರು ನಿಮಿಷ ಬೇಕು. ಮೂರು ನಿಮಿಷದೊಳಗೆ ಮುಗಿದರೆ ಭಾರ ಸರಿಯುವ ಮೊದಲೇ ಕೈ ಹೊರಟಿದೆ.

‘ಸೋಂಗ್’ ಎಂಬ ಚೀನೀ ಪದಕ್ಕೆ ಸಡಿಲ ಎಂದಷ್ಟೇ ಅರ್ಥ ಹೇಳಿ ಆಗುವ ಹಾನಿ ದೊಡ್ಡದು. ಸಡಿಲ ಎಂದರೆ ಬೆಂದ ಸೊಪ್ಪಲ್ಲ. ಗಾಳಿ ತುಂಬಿದ ಸೈಕಲ್ ಟ್ಯೂಬು ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಎದ್ದೇಳುತ್ತದೆ. ತೋಳಿನಲ್ಲಿ ಇರಬೇಕಾದ ಆ ತುಂಬುವಿಕೆಗೆ ‘ಪೆಂಗ್’ ಎನ್ನುತ್ತಾರೆ. ಜೊತೆಗಾರರು ತೂಕದ ಯಂತ್ರವನ್ನು ಅಂಗೈಯಿಂದ ಒತ್ತಿ ಮೂರು ಕಿಲೊ ಎಷ್ಟು ಎಂದು ಕಲಿತುಕೊಂಡು, ಅಷ್ಟೇ ಬಲದಲ್ಲಿ ನಿಮ್ಮ ಮುಂಗೈಯನ್ನು ಎದೆಯತ್ತ ಒತ್ತಲಿ. ತೋಳು ಎದೆಗೆ ಅಂಟಿದರೆ ಗಾಳಿ ಇಲ್ಲ. ಹೆಗಲು ಬಿಗಿದು ಎದುರು ತಳ್ಳಿದರೆ ಅದು ಟ್ಯೂಬಲ್ಲ, ದೊಣ್ಣೆ. ಒತ್ತಡ ಹಿಂದಿನ ಹಿಮ್ಮಡಿಯಲ್ಲಿ ಗೊತ್ತಾದರೆ ಸರಿ. ಜೋಡಿ ಅಭ್ಯಾಸವಾದ ‘ತುಯಿ ಶೌ’ದಲ್ಲಿ ಕಾಣುವ ಎರಡು ಮುಖ್ಯ ದೋಷಗಳೂ ಇವೇ: ಸಂಪರ್ಕ ಕಳೆದುಕೊಳ್ಳುವುದು, ಎದುರು ನಿಂತು ತಡೆಯುವುದು. ಎರಡಕ್ಕೂ ಮದ್ದು ಕೈಯಲ್ಲಿಲ್ಲ, ಮೇಲಿನ ಗೋಡೆ ಪರೀಕ್ಷೆಗೆ ವಾಪಸು ಹೋಗಿ.

ತಿದ್ದಿದ ದೋಷ ಮರಳಿ ಬಂದರೆ

ಒಂದು ಸಲಕ್ಕೆ ಒಂದೇ ಜಾಗ ತಿದ್ದಿ, ಕನಿಷ್ಠ ಎರಡು ವಾರ. ಮೂರು ಸೂಚನೆಗಳನ್ನು ಒಟ್ಟಿಗೆ ನೆನಪಿಟ್ಟುಕೊಂಡು ಸರಣಿ ಮಾಡಿದರೆ ಮೂರೂ ಕೆಡುತ್ತವೆ. ಮರಳಿ ಬರುವುದು ಸಾಮಾನ್ಯವಾಗಿ ದಿಕ್ಕು ಬದಲಾಗುವಲ್ಲಿ, ಅದರಲ್ಲೂ ‘ಗುಬ್ಬಿಯ ಬಾಲ ಹಿಡಿಯುವುದು’ ಎಡದಿಂದ ಬಲಕ್ಕೆ ಹೊರಳುವಾಗ. ಅಲ್ಲಿ ಭಾರ ಹಿಂದಿನ ಕಾಲಿಗೆ ಸರಿದು, ಖಾಲಿಯಾದ ಮುಂದಿನ ಪಾದ ಒಳಕ್ಕೆ ದೊಡ್ಡದಾಗಿ ತಿರುಗಿ, ಭಾರ ಮತ್ತೆ ಅದರ ಮೇಲೇ ಬರಬೇಕು. ಆ ಒಂದು ತುಣುಕನ್ನು ಮಾತ್ರ ಕತ್ತರಿಸಿ ಇಪ್ಪತ್ತು ಸಲ ಮಾಡಿ.

ಒಂದೇ ಬದಿಯ ದೋಷ ಹೋಗದಿದ್ದರೆ ಸರಣಿಯನ್ನೇ ನೋಡಿ. ‘ಗುಬ್ಬಿಯ ಬಾಲ’ ಮತ್ತು ‘ಹಾವು ತೆವಳುವುದು’ ಎರಡೂ ಬದಿಗೆ ಬರುತ್ತವೆ, ಆದರೆ ‘ಒಂಟಿ ಚಾವಟಿ’ ಒಂದೇ ಬದಿಗೆ, ‘ಮೋಡದ ಕೈ’ ಹೆಜ್ಜೆಗಳೂ ಎಡಕ್ಕೇ ಸಾಗುತ್ತವೆ. ಹಾಗಾಗಿ ವಾರಕ್ಕೆ ಎರಡು ದಿನ ಇವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಬಲಕ್ಕೆ ಮಾಡಿ. ಮೊದಲ ದಿನ ತಡವರಿಸುತ್ತೀರಿ. ತಡವರಿಸುವ ಜಾಗಗಳನ್ನು ಬರೆದಿಟ್ಟುಕೊಂಡು, ಗೋಡೆ ಪರೀಕ್ಷೆಯಲ್ಲಿ ಗುರುತಿಸಿದ ಎಡಬಲದ ಎಲ್ಲೆಗಳ ಜೊತೆ ಹೋಲಿಸಿ ನೋಡಿ.